ಹೇಳಿಕೊಳ್ಳಲಾಗದ ಮಗುವಿನ ದವಡೆಯಲ್ಲಿ ಗಡ್ಡೆ: ಚಿಕಿತ್ಸೆಗೆ ತಯಾರಿ ಹೇಗೆ

ಕೆನ್ನೆ ಊದಿಕೊಂಡರೆ ನಮ್ಮ ಕಡೆ ಮೊದಲು ಬರುವ ಮಾತು ಮಂಗನಬಾವು, ಇಲ್ಲಾಂದ್ರೆ ಹುಳುಕು ಹಲ್ಲು. ಅರಿಶಿನ ಹಚ್ಚಿ ಸುಮ್ನೆ ಕಾಯುತ್ತಾರೆ. ಆದರೆ ಊತ ಮೂಳೆಯಷ್ಟು ಗಟ್ಟಿ, ಜ್ವರ ಇಲ್ಲ, ಎರಡು ವಾರವಾದರೂ ಇಳಿದಿಲ್ಲ ಅಂದರೆ ಕಾಯಬೇಡಿ. ದವಡೆಯ ಗಡ್ಡೆ ಎಷ್ಟೋ ಸಲ ನೋಯುವುದೇ ಇಲ್ಲ. ನೋವಾದರೂ ಬೆಳವಣಿಗೆ ನಿಧಾನವಿರುವ ಮಗು ಬಾಯಿಬಿಟ್ಟು ಹೇಳುವುದಿಲ್ಲ. ರೊಟ್ಟಿಯನ್ನು ಒಂದೇ ಬದಿಯಲ್ಲಿ ಅಗಿಯುತ್ತದೆ, ಬ್ರಷ್ ತಂದರೆ ಮುಖ ತಿರುಗಿಸುತ್ತದೆ, ಕೆನ್ನೆಗೆ ಹೊಡೆದುಕೊಳ್ಳುತ್ತದೆ. ಒಂದು ಕಡೆ ಮಾತ್ರ ಹಲ್ಲು ಹುಟ್ಟದಿದ್ದರೂ ತೋರಿಸಿ. ‘ಅವನ ಸ್ವಭಾವವೇ ಹಾಗೆ’ ಅಂತ ದಯವಿಟ್ಟು ಬಿಡಬೇಡಿ.

ಮೊದಲು ಬೇಕಾಗುವುದು ಓಪಿಜಿ, ಅಂದರೆ ಎರಡೂ ದವಡೆ, ಎಲ್ಲ ಹಲ್ಲು ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್‌ರೇ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ದಂತ ವಿಭಾಗದಲ್ಲೋ ಡೆಂಟಲ್ ಕಾಲೇಜಿನಲ್ಲೋ ವಿಚಾರಿಸಿ. ಯಂತ್ರ ಮುಖದ ಸುತ್ತ ಹತ್ತಿಪ್ಪತ್ತು ಸೆಕೆಂಡ್ ತಿರುಗುತ್ತದೆ, ಅಷ್ಟು ಹೊತ್ತು ಮಗು ಅಲುಗಾಡಬಾರದು. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ: ಮಗುವನ್ನು ನಿಲ್ಲಿಸಿ, ಚಮಚದ ಹಿಡಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿಸಿ, ನೀವು ಕೈಯಲ್ಲೊಂದು ತಟ್ಟೆ ಹಿಡಿದು ಇಪ್ಪತ್ತು ಎಣಿಸುತ್ತಾ ನಿಧಾನವಾಗಿ ಸುತ್ತು ಬನ್ನಿ. ದಿನಾ ಒಂದೇ ಹೊತ್ತಿಗೆ ಮಾಡಿದರೆ ಎಷ್ಟೋ ಮಕ್ಕಳು ಒಗ್ಗಿಕೊಳ್ಳುತ್ತಾರೆ. ಆಗದಿದ್ದರೆ ಬಲವಂತ ಬೇಡ, ನಿದ್ದೆ ಔಷಧಿ ಕೊಟ್ಟು ಸ್ಕ್ಯಾನ್ ಮಾಡುವ ದಾರಿ ಇದೆ.

ಡಾಕ್ಟರ ಹತ್ತಿರ ಒಂದು ಪ್ರಶ್ನೆ ಕೇಳಲೇಬೇಕು. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟಾಗಲೇ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು), ರಕ್ತಪರೀಕ್ಷೆ, ಹುಳುಕು ಹಲ್ಲಿನ ಕೆಲಸ ಎಲ್ಲ ಮುಗಿಸಬಹುದಾ? ಪದೇ ಪದೇ ಅರಿವಳಿಕೆ ಕೊಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಗಡ್ಡೆ ಯಾವುದು ಅನ್ನುವುದರ ಮೇಲೆ ಚಿಕಿತ್ಸೆ. ಒಡೊಂಟೋಮ ಅಂದರೆ ಹಲ್ಲಿನ ಅಂಶಗಳೇ ಸೇರಿ ಆದ ಗಡ್ಡೆ, ಅದನ್ನು ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಅಮೆಲೋಬ್ಲಾಸ್ಟೋಮ ಅನ್ನುವ ಇನ್ನೊಂದು ಗಡ್ಡೆ ಕ್ಯಾನ್ಸರ್ ಅಲ್ಲ, ಆದರೆ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಬರೀ ಕೆರೆದು ತೆಗೆದರೆ ಮತ್ತೆ ಬರುವುದು ಜಾಸ್ತಿ, ಕೆಲವೊಮ್ಮೆ ದವಡೆಯ ಭಾಗವನ್ನೇ ತೆಗೆಯಬೇಕಾಗುತ್ತದೆ. ಬಯಾಪ್ಸಿಯಲ್ಲಿ ಜೈಂಟ್ ಸೆಲ್ (ದೊಡ್ಡ ಜೀವಕೋಶಗಳಿರುವ) ಗಡ್ಡೆ ಅಂತ ಬಂದರೆ ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್) ರಕ್ತಪರೀಕ್ಷೆ ಮೊದಲು ಆಗಲಿ. ಇಂಥ ಗಡ್ಡೆ ನೂನಾನ್ ಸಿಂಡ್ರೋಮ್ ಅನ್ನುವ ಜೀನ್ ತೊಂದರೆ ಇರುವ ಮಕ್ಕಳಲ್ಲೂ ಕಾಣುತ್ತದೆ, ಹಾಗಾಗಿ ಜೆನೆಟಿಕ್ಸ್ ಡಾಕ್ಟರ ಅಭಿಪ್ರಾಯವನ್ನೂ ಕೇಳಿ.

ಫಿಟ್ಸ್ ಮಾತ್ರೆಯನ್ನು ಆಪರೇಷನ್ ದಿನ ನೀವಾಗೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ಒಂದು ಗುಟುಕು ನೀರಲ್ಲಿ ಕೊಡಲು ಹೇಳುತ್ತಾರೆ. ವಾಲ್ಪ್ರೋಯೇಟ್ ತಗೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ, ರಕ್ತ ಹೆಪ್ಪುಗಟ್ಟುವುದಕ್ಕೆ ಅದು ಅಡ್ಡಿ ಮಾಡಬಹುದು. ಡೌನ್ ಸಿಂಡ್ರೋಮ್ ಇದ್ದರೆ ಕುತ್ತಿಗೆ, ಹೃದಯ ಎರಡನ್ನೂ ಮೊದಲೇ ನೋಡಿಸಿ. ಅರಿವಳಿಕೆಗೆ 6 ಗಂಟೆ ಮುಂಚೆ ಊಟ ನಿಲ್ಲಬೇಕು, ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕೊಡಬಹುದು. ಮಣಿಪಾಲಕ್ಕೆ ಕಳಿಸಿದರೆ ಹಿಂದಿನ ದಿನವೇ ಹೊರಡಿ. ಖಾಲಿ ಹೊಟ್ಟೆಯ ಮಗುವನ್ನು ಆಗುಂಬೆ ಘಾಟಿಯ ತಿರುವುಗಳಲ್ಲಿ, ಅದೂ ಮಳೆಗಾಲದಲ್ಲಿ, ಬೆಳಗಿನ ಜಾವ ಕರೆದೊಯ್ಯುವುದು ಬೇಡವೇ ಬೇಡ.

ನೋವಾದಾಗ ನಿಮ್ಮ ಮಗು ಏನು ಮಾಡುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ನರ್ಸ್ ಕೈಗೆ ಕೊಡಿ. ಹುಬ್ಬು ಗಂಟಿಕ್ಕುತ್ತದಾ, ಕಾಲು ಮಡಚುತ್ತದಾ, ಒಮ್ಮೆಲೇ ಸುಮ್ಮನಾಗಿಬಿಡುತ್ತದಾ? ಅದು ನಿಮಗೆ ಮಾತ್ರ ಗೊತ್ತು. ಆಪರೇಷನ್ ಆದಮೇಲೆ ಮರಗಟ್ಟಿದ ತುಟಿಯನ್ನು ಕಚ್ಚಿಕೊಳ್ಳದಂತೆ ಪಕ್ಕದಲ್ಲೇ ಕೂರಿ. ಗಂಜಿ, ತೆಳು ರಾಗಿ ಅಂಬಲಿಯನ್ನು ತಣ್ಣಗಾಗಿಸಿ ಕೊಡಿ.

ಖರ್ಚಿಗೆ ಆಯುಷ್ಮಾನ್ ಕಾರ್ಡ್ ಇರಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಅನ್ನುವ ಸರ್ಕಾರಿ ಆರೋಗ್ಯ ವಿಮೆಯೂ ಇದೆ. ಹಳೆಯ ಎಕ್ಸ್‌ರೇ ಒಂದನ್ನೂ ಎಸೆಯಬೇಡಿ. ಅಮೆಲೋಬ್ಲಾಸ್ಟೋಮ 10 ವರ್ಷದ ಮೇಲೂ ಮರಳಿ ಬರಬಹುದು, ಆಗ ಹೋಲಿಸಿ ನೋಡಲು ಅವೇ ಬೇಕಾಗುತ್ತವೆ.