‘ಇತಿಹಾಸದಲ್ಲಿ ಈ ದಿನ’ ಫಲಕ ಸಿದ್ಧಪಡಿಸುವ ಬಗೆ: ನವೆಂಬರ್ 1ರ ಮಾದರಿ

ಶಾಲೆಯ ಪ್ರಾರ್ಥನಾ ಸಭೆಗೋ ಗ್ರಂಥಾಲಯದ ಸೂಚನಾ ಫಲಕಕ್ಕೋ ‘ಇತಿಹಾಸದಲ್ಲಿ ಈ ದಿನ’ ಬರೆಯುವವರು ಸಾಮಾನ್ಯವಾಗಿ ಎಲ್ಲಿಂದಲೋ ದೊರೆತ ಹತ್ತು ಘಟನೆಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿ ಕೈತೊಳೆದುಕೊಳ್ಳುತ್ತಾರೆ. ಅದರ ಬದಲು ನಾಲ್ಕೈದನ್ನೇ ಆರಿಸಿ, ಅವು ಆ ತಾರೀಖಿಗೆ ಹೇಗೆ ಬಂದು ಸೇರಿದವು ಎಂದು ವಿಚಾರಿಸಿ ಬರೆದರೆ ಓದುವವರು ಫಲಕದ ಮುಂದೆ ನಿಲ್ಲುತ್ತಾರೆ. ನಮಗೆಲ್ಲ ಪರಿಚಿತವಾದ ನವೆಂಬರ್ 1ನ್ನೇ ಮಾದರಿಯಾಗಿ ಇಟ್ಟುಕೊಂಡು ಆ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಘಟನೆಗಳನ್ನು ಕಲೆಹಾಕಿದ ಕೂಡಲೇ ಕೇಳಬೇಕಾದ ಪ್ರಶ್ನೆಯೆಂದರೆ, ಅವು ಒಂದೇ ದಿನ ನಡೆದದ್ದು ಆಕಸ್ಮಿಕವೋ, ಒಂದೇ ಕಾರಣದಿಂದಲೋ, ಯಾರಾದರೂ ಬೇಕೆಂದೇ ಆ ದಿನವನ್ನು ಆರಿಸಿದ್ದರಿಂದಲೋ ಎಂಬುದು. 1956ರ ನವೆಂಬರ್ 1ರಂದು ವಿಶಾಲ ಮೈಸೂರು, ಕೇರಳ, ಆಂಧ್ರಪ್ರದೇಶಗಳು ರೂಪುಗೊಂಡದ್ದನ್ನು ಮೂರು ಪ್ರತ್ಯೇಕ ಸಾಲುಗಳಲ್ಲಿ ಬರೆಯುವುದು ವಾಡಿಕೆ. ಆದರೆ ಇವು ಮೂರೂ ರಾಜ್ಯ ಪುನರ್ವಿಂಗಡಣಾ ಕಾಯಿದೆಯೆಂಬ ಒಂದೇ ಕಾಯಿದೆ ಆ ದಿನ ಜಾರಿಗೆ ಬಂದುದರ ಫಲ. ಆದ್ದರಿಂದ ಇವನ್ನು ಒಂದೇ ಟಿಪ್ಪಣಿಯಾಗಿ ಬರೆಯುವುದು ಸರಿ. ಹಾಗೆ ಬರೆದಾಗ ಬಿಡಿ ಸಾಲುಗಳಲ್ಲಿ ಮರೆಯಾಗುವ ಸಂಗತಿಯೊಂದು ಕಾಣಿಸಿಕೊಳ್ಳುತ್ತದೆ. ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿದ ದಿನವೇ ಅದೇ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಹೋಯಿತು. ಬೀದರ್, ಧಾರವಾಡ, ಕೊಡಗುಗಳಲ್ಲಿ ಕೂಡಿದ ಸಂಭ್ರಮವಾಗಿ ನೆನಪಾಗುವ ತಾರೀಖು ಕಾಸರಗೋಡಿನ ಕನ್ನಡಿಗರಿಗೆ ಅಗಲಿದ ತಾರೀಖೂ ಹೌದೆಂಬುದನ್ನು ಫಲಕದಲ್ಲಿ ಒಂದು ವಾಕ್ಯದಲ್ಲಾದರೂ ಹೇಳಬೇಕೆಂಬುದು ನನ್ನ ಅಭಿಪ್ರಾಯ.

1966ರ ನವೆಂಬರ್ 1ರಂದು ಹರಿಯಾಣ, 2000ದ ಅದೇ ದಿನ ಛತ್ತೀಸ್‌ಗಢ ಉದಯಿಸಿದವು. ಇವುಗಳಿಗೆ ಒಂದೊಂದು ಸಾಲು ಸಾಕು. ದಿನವನ್ನು ಬೇಕೆಂದೇ ಆರಿಸುವುದಕ್ಕೆ ಸ್ಪಷ್ಟ ನಿದರ್ಶನ ನಮ್ಮದೇ ರಾಜ್ಯದ ನಾಮಕರಣ: ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1973ರ ರಾಜ್ಯೋತ್ಸವದ ದಿನವೇ ಮೈಸೂರು ರಾಜ್ಯವು ಕರ್ನಾಟಕವಾಯಿತು. ಆದಕಾರಣ ‘1956: ಕರ್ನಾಟಕ ರಾಜ್ಯ ಸ್ಥಾಪನೆ’ ಎಂದು ಬರೆಯಬಾರದು, ‘1956: ಕನ್ನಡ ಪ್ರದೇಶಗಳು ಕೂಡಿ ವಿಶಾಲ ಮೈಸೂರು ರಾಜ್ಯದ ರಚನೆ’ ಎಂದೂ ‘1973: ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು’ ಎಂದೂ ಬಿಡಿಸಿ ಬರೆಯಬೇಕು. ಇದೇ ಎಚ್ಚರ ಪುದುಚೇರಿಯ ವಿಷಯದಲ್ಲೂ ಅಗತ್ಯ. 1954ರ ನವೆಂಬರ್ 1ರಂದು ಫ್ರೆಂಚರು ಅಲ್ಲಿನ ಆಡಳಿತವನ್ನು ಭಾರತಕ್ಕೆ ವಹಿಸಿದರಾದರೂ ಕಾನೂನಿನ ಪ್ರಕಾರ ಅದು ಭಾರತಕ್ಕೆ ಸೇರಿದ್ದು 1962ರ ಆಗಸ್ಟ್ 16ರಂದು. ಮಸೂದೆಗೆ ಒಪ್ಪಿಗೆ ಸಿಕ್ಕ ದಿನ, ಕಾಯಿದೆ ಜಾರಿಯಾದ ದಿನ, ಸಮಾರಂಭ ನಡೆದ ದಿನ ಇವುಗಳಲ್ಲಿ ತಾವು ಬರೆಯುತ್ತಿರುವುದು ಯಾವುದೆಂಬುದು ಬರೆಯುವವರಿಗೆ ಮೊದಲು ಖಚಿತವಾಗಿರಬೇಕು.

ಹೊರದೇಶದ ಘಟನೆಯೊಂದನ್ನು ಆರಿಸುವಾಗ, ತಾರೀಖೇ ಘಟನೆಯ ಸ್ವರೂಪವನ್ನು ಬದಲಿಸಿದ್ದರೆ ಅದಕ್ಕೆ ಆದ್ಯತೆ ಕೊಡುವುದು ಒಳ್ಳೆಯದು. 1755ರ ನವೆಂಬರ್ 1ರ ಬೆಳಿಗ್ಗೆ ಸುಮಾರು 9.40ಕ್ಕೆ ಪೋರ್ಚುಗಲ್‌ನ ಲಿಸ್ಬನ್ ನಗರ ಭೂಕಂಪಕ್ಕೆ ಸಿಕ್ಕಿತು. ಅಂದು ಕ್ರೈಸ್ತರ ಸರ್ವ ಸಂತರ ಹಬ್ಬವಾದ್ದರಿಂದ ಚರ್ಚುಗಳು ಜನರಿಂದ ತುಂಬಿದ್ದವು, ಒಳಗೆಲ್ಲ ಮೇಣದಬತ್ತಿಗಳು ಉರಿಯುತ್ತಿದ್ದವು. ಕುಸಿದ ಕಲ್ಲುಕಟ್ಟಡಗಳಡಿ ಪ್ರಾರ್ಥನೆಗೆ ಬಂದವರು ಸಿಲುಕಿದರು. ಉರುಳಿದ ಬತ್ತಿಗಳಿಂದಲೂ ಒಲೆಗಳಿಂದಲೂ ಹೊತ್ತಿದ ಬೆಂಕಿ ಹಲವು ದಿನ ಊರನ್ನು ಸುಟ್ಟಿತು. ಬಯಲೆಂದು ನದೀದಂಡೆಗೆ ಓಡಿದವರ ಮೇಲೆ ಸುನಾಮಿಯ ಅಲೆಗಳು ಎರಗಿದವು. ಹಬ್ಬವಿಲ್ಲದ ಸಾಮಾನ್ಯ ದಿನವಾಗಿದ್ದರೆ ಅನಾಹುತದ ಬಗೆಯೇ ಬೇರೆಯಾಗುತ್ತಿತ್ತು. ಇಂಥ ಟಿಪ್ಪಣಿಗೆ ಫಲಕದಲ್ಲಿ ಅರ್ಧದಷ್ಟು ಜಾಗ ಕೊಟ್ಟರೂ ತಪ್ಪಿಲ್ಲ.

ಹಳೆಯ ಘಟನೆಗಳಾದರೆ ಪಂಚಾಂಗವನ್ನು ಪರಿಶೀಲಿಸಲೇಬೇಕು. ಹಳೆಯ ಜೂಲಿಯನ್ ಎಣಿಕೆಯನ್ನು ಬಿಟ್ಟು ಇಂದಿನ ಗ್ರೆಗೋರಿಯನ್ ಎಣಿಕೆಗೆ ಬರಲು ಕೆಲವು ಕ್ಯಾಥೊಲಿಕ್ ದೇಶಗಳಲ್ಲಿ 1582ರ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಲಾಯಿತು. ಬ್ರಿಟನ್ನು ಇಂಥ ಬದಲಾವಣೆ ಮಾಡಿಕೊಂಡದ್ದು 1752ರಲ್ಲಿ. ವಿಜಯನಗರದ ಪತನಕ್ಕೆ ಕಾರಣವಾದ ರಕ್ಕಸಗಿ-ತಂಗಡಗಿ ಕದನದ ದಿನ ಪುಸ್ತಕಗಳಲ್ಲಿ 1565ರ ಜನವರಿ 23 ಎಂದು ಕಾಣುತ್ತದೆ, 26 ಎಂದು ಬರೆಯುವವರೂ ಇದ್ದಾರೆ. ಸುಭಾಷ್‌ಚಂದ್ರ ಬೋಸರು ಹುಟ್ಟಿದ್ದೂ ಜನವರಿ 23ರಂದೇ ಎಂದು ಎರಡನ್ನೂ ಜೊತೆಗೂಡಿಸುವ ಆಸೆ ಸಹಜ. ಆದರೆ ಕದನದ ತಾರೀಖು ಹಳೆಯ ಜೂಲಿಯನ್ ಎಣಿಕೆಯದು. ಇಂದಿನ ಎಣಿಕೆಗೆ ತರಲು ಅದಕ್ಕೆ ಹತ್ತು ದಿನ ಕೂಡಿಸಬೇಕಾಗುತ್ತದೆ. ಆದ್ದರಿಂದ 1582ಕ್ಕಿಂತ ಹಿಂದಿನ ಘಟನೆಗೆ ‘ಹಳೆಯ ಎಣಿಕೆಯಂತೆ’ ಎಂದು ಸೇರಿಸುವುದು ಕ್ಷೇಮ. ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿಗಳು ಮಾತ್ರ ಇದ್ದರೆ 78 ಕೂಡಿಸಿ ಇಸವಿಯನ್ನು ಅಂದಾಜು ಮಾಡಬಹುದೇ ಹೊರತು ತಾರೀಖನ್ನಲ್ಲ. ಅದಕ್ಕೆ ಶಾಸನತಜ್ಞರು ಬಳಸುವ, ಸ್ವಾಮಿಕಣ್ಣು ಪಿಳ್ಳೈ ಸಿದ್ಧಪಡಿಸಿದಂಥ ಕೋಷ್ಟಕಗಳೇ ಬೇಕು.

ಇತ್ತೀಚಿನ ಘಟನೆಗಳಲ್ಲಿ ಗಡಿಯಾರವೂ ತೊಡಕು ತರುತ್ತದೆ. ಅಮೆರಿಕವು ಪೆಸಿಫಿಕ್‌ನ ಎನಿವೆಟಾಕ್ ಹವಳದ್ವೀಪದಲ್ಲಿ ತನ್ನ ಮೊದಲ ಪೂರ್ಣಪ್ರಮಾಣದ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆಸಿದಾಗ ಅಲ್ಲಿ 1952ರ ನವೆಂಬರ್ 1ರ ಬೆಳಗಾಗಿದ್ದರೆ ಗ್ರೀನಿಚ್‌ನಲ್ಲಿ ಇನ್ನೂ ಅಕ್ಟೋಬರ್ 31ರ ಸಂಜೆಯಾಗಿತ್ತು. ಘಟನೆ ನಡೆದ ಸ್ಥಳದ ತಾರೀಖನ್ನೇ ಹಿಡಿಯುವುದೆಂದು ನಿಯಮ ಮಾಡಿಕೊಂಡು ಅದನ್ನು ವರ್ಷವಿಡೀ ಪಾಲಿಸಬೇಕು.

ಕೊನೆಗೆ ಪ್ರತಿಯೊಂದು ತಾರೀಖನ್ನೂ ವಾರದೊಂದಿಗೆ ತಾಳೆ ನೋಡಬೇಕು. 1956ರ ನವೆಂಬರ್ 1 ಗುರುವಾರ. ‘ನಿನ್ನೆ’ ಎಂದು ವರದಿ ಮಾಡಿದ ಪತ್ರಿಕೆಯ ಸಂಚಿಕೆ ಶುಕ್ರವಾರದ್ದಾಗಿರಬೇಕು. ಪತ್ರಿಕೆಯ ತಾರೀಖನ್ನೇ ಘಟನೆಯ ತಾರೀಖೆಂದು ಇಳಿಸಿಕೊಂಡಿದ್ದರೆ ಒಂದು ದಿನದ ಆ ವ್ಯತ್ಯಾಸ ಇಲ್ಲಿ ಸಿಕ್ಕಿಬೀಳುತ್ತದೆ. ಎರಡು ಸ್ವತಂತ್ರ ಆಕರಗಳು ಒಪ್ಪದಿದ್ದರೆ ಆ ಟಿಪ್ಪಣಿಯನ್ನು ಆ ವರ್ಷದ ಫಲಕದಿಂದ ಕೈಬಿಟ್ಟು, ಆಕರದ ಹೆಸರು ಮತ್ತು ಪುಟಸಂಖ್ಯೆಯೊಡನೆ ಕಡತದಲ್ಲಿ ಇಟ್ಟುಕೊಳ್ಳಬೇಕು.