ಘಟ್ಟದ ದಾರಿಗೆ ಎಲೆಕ್ಟ್ರಿಕ್ ಸ್ಕೂಟರ್: ಮೋಟಾರ್ ನೋಡಿ ಆರಿಸಿ

ತೀರ್ಥಹಳ್ಳಿಯಲ್ಲಿ ತೋಟದ ಪಂಪ್‌ಸೆಟ್‌ಗಳಿಗೆ ವೈಂಡಿಂಗ್ ಕಟ್ಟುವುದು ನನ್ನ ಕಸುಬು. ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವವರು ನನ್ನನ್ನು ಕೇಳುವುದು ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ ಎಂದು. ಮಲೆನಾಡಿನವರು ಅದಕ್ಕೂ ಮೊದಲು ಮೋಟಾರಿನ ನಿರಂತರ ಶಕ್ತಿ, ಅಂದರೆ ಮಿತಿಮೀರಿ ಕಾಯದೆ ಎಡೆಬಿಡದೆ ಕೊಡಬಲ್ಲ ಶಕ್ತಿ, ಎಷ್ಟೆಂದು ಕೇಳಬೇಕು.

ಗಾಡಿ, ಇಬ್ಬರು ಸವಾರರು ಸೇರಿ 240 ಕೆ.ಜಿ. ಎಂದಿಟ್ಟುಕೊಳ್ಳಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ 30 ಕಿ.ಮೀ. ವೇಗಕ್ಕೆ ಏರಿನ ಪಾಲೇ ಸುಮಾರು 2 ಕಿಲೋವ್ಯಾಟ್. ಗಾಳಿ, ಟೈರುಗಳ ತಡೆ ಬೇರೆ. ಲೈಸೆನ್ಸ್ ಬೇಡದ 250 ವ್ಯಾಟ್‌ನ ಗಾಡಿ ತನ್ನ ನಿರಂತರ ಶಕ್ತಿಯಲ್ಲಿ ಅದೇ ಭಾರ ಹೊತ್ತು ಆ ಏರಿನಲ್ಲಿ ಗಂಟೆಗೆ 4 ಕಿ.ಮೀ. ಕೂಡ ಹೋಗಲಾರದು. ಜಾಹೀರಾತಿನ ಗರಿಷ್ಠ ಶಕ್ತಿ ಸ್ವಲ್ಪ ಹೊತ್ತಿಗಷ್ಟೇ ಸಿಗುವುದು. ಆಗುಂಬೆಯ 14 ತಿರುವುಗಳನ್ನು ಅದನ್ನೇ ನೆಚ್ಚಿಕೊಂಡು ಹತ್ತಿದರೆ ಮೋಟಾರಿನ ತಾಮ್ರದ ತಂತಿ ಕಾಯುತ್ತದೆ, ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಶಕ್ತಿ ತಗ್ಗಿಸುತ್ತದೆ. ಮಿತಿಮೀರಿ ಬಿಸಿಯಾದರೆ ಒಳಗಿನ ನಿಯೋಡಿಮಿಯಂ ಆಯಸ್ಕಾಂತದ ಬಲವೇ ಕುಗ್ಗಬಹುದು.

ಆಯಸ್ಕಾಂತವಿಲ್ಲದ ಇಂಡಕ್ಷನ್ ಮೋಟಾರ್ ನಮ್ಮ ಮೂರು ಫೇಸ್ ಪಂಪಿನ ಜಾತಿಯದೇ. 2012ರ ಟೆಸ್ಲಾ ಮಾಡೆಲ್ ಎಸ್ ಕಾರಿನಲ್ಲಿ ಇದ್ದದ್ದೂ ಅದೇ. ಗಟ್ಟಿ ಜೀವ, ಆದರೆ ಅಷ್ಟೇ ಶಕ್ತಿಗೆ ತೂಕ ಹೆಚ್ಚು, ಹಾಗಾಗಿ ಸ್ಕೂಟರ್‌ಗಳಲ್ಲಿ ಅಪರೂಪ. ಸ್ಕೂಟರ್‌ಗಳಲ್ಲಿ ಸಿಗುವ ಬಿಎಲ್‌ಡಿಸಿ, ಪಿಎಂಎಸ್‌ಎಂ ಎಂಬ ಎರಡು ಬಗೆಯ ಮೋಟಾರುಗಳಲ್ಲೂ ಆಯಸ್ಕಾಂತವಿದೆ. ಎರಡನೆಯದಕ್ಕೆ ಕರೆಂಟ್ ನಯವಾದ ಅಲೆಯಾಗಿ ಹರಿಯುವುದರಿಂದ ನಿಧಾನ ವೇಗದಲ್ಲೂ ಎಳೆತ ಕುಲುಕುವುದಿಲ್ಲ.

ಈ ಹೆಸರುಗಳಿಗಿಂತ ಮೋಟಾರ್ ಎಲ್ಲಿ ಕೂತಿದೆ ಎಂಬುದನ್ನು ನಾನು ಹೆಚ್ಚು ನೋಡುತ್ತೇನೆ. ಟಿವಿಎಸ್ ಐಕ್ಯೂಬ್‌ನಲ್ಲಿ ಅದು ಹಿಂದಿನ ಚಕ್ರದೊಳಗಿದೆ. ಏಥರ್ 450ರಲ್ಲಿ ಚೌಕಟ್ಟಿಗೆ ಕೂತು ಬೆಲ್ಟ್ ಮೂಲಕ ಚಕ್ರ ತಿರುಗಿಸುತ್ತದೆ. ಚಕ್ರದೊಳಗಿದ್ದರೆ ಸವೆಯುವ ಬೆಲ್ಟ್ ಇಲ್ಲ, ಸದ್ದೂ ಕಡಿಮೆ. ಆದರೆ ಗುಂಡಿ ಬಿದ್ದ ರಸ್ತೆಯ ಹೊಡೆತವೆಲ್ಲ ನೇರ ಮೋಟಾರಿಗೇ. ಚಕ್ರ ಬಿಚ್ಚಬೇಕಾದರೆ ವೈರನ್ನೂ ಬಿಡಿಸಬೇಕು. ಮಳೆಗಾಲದಲ್ಲಿ ಆ ವೈರ್ ಆಕ್ಸಲ್ ಒಳಹೋಗುವ ಜಾಗವನ್ನು ತಪ್ಪದೆ ನೋಡಿ. ಮೋಟಾರಿಗೆ ಹೇಳುವ ಐಪಿ67 ಎಂಬ ನೀರು-ಧೂಳು ತಡೆಯ ದರ್ಜೆ ಎಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುವ ಪರೀಕ್ಷೆ, ಪ್ರೆಷರ್ ವಾಷರ್‌ಗೆ ಕೊಟ್ಟ ಒಪ್ಪಿಗೆಯಲ್ಲ. ದಿನವೂ ಇಬ್ಬರು ಕೂತು ಏರು ಹತ್ತುವ ಮನೆಗೆ ನಾನು ಹೇಳುವುದು ಬೆಲ್ಟ್ ಇರುವ ಗಾಡಿಯನ್ನೇ.

ಟಾರ್ಕ್, ಅಂದರೆ ತಿರುಗಿಸುವ ಬಲ, ಹೋಲಿಸುವಾಗ ಎಚ್ಚರ. ಚಕ್ರದೊಳಗಿನ ಮೋಟಾರಿಗೆ ಹೇಳುವ ಅಂಕಿ ಚಕ್ರದ್ದು. ಬೆಲ್ಟಿನ ಗಾಡಿಗೆ ಬಹುಪಾಲು ಮೋಟಾರಿನ ಶಾಫ್ಟಿನದು. ಶಾಫ್ಟಿನ 25 ನ್ಯೂಟನ್ ಮೀಟರ್, ವೇಗ ಏಳರಲ್ಲೊಂದಕ್ಕೆ ಇಳಿದಾಗ ಚಕ್ರದಲ್ಲಿ ಸುಮಾರು 175 ಆಗುತ್ತದೆ.

ಮನೆ ಆಗುಂಬೆಯ ಮೇಲಿದ್ದು ಬೆಳಿಗ್ಗೆ ಘಟ್ಟದ ಕೆಳಗಿನ ಸೋಮೇಶ್ವರಕ್ಕೆ ಇಳಿಯುವವರು ಚಾರ್ಜನ್ನು ನೂರಕ್ಕೆ ತುಂಬಿಸದೆ ತುಸು ಮೊದಲೇ ನಿಲ್ಲಿಸಿ. ತುಂಬಿದ ಬ್ಯಾಟರಿ ಇಳಿಜಾರಿನಲ್ಲಿ ಮೋಟಾರ್ ಹಿಂದಿರುಗಿಸುವ ಕರೆಂಟ್ ತೆಗೆದುಕೊಳ್ಳುವುದಿಲ್ಲ. ಆಗ ಇಡೀ ಭಾರ ಬ್ರೇಕ್ ಪ್ಯಾಡುಗಳ ಮೇಲೆ ಬೀಳುತ್ತದೆ.