ಎರಡು ಅಡಿಕೆ, ಒಂದು ದಂಡೆ: ಎಂಡೋಟಾಕ್ಸಿನ್ ಮಾದರಿ ಕಟ್ಟುವುದು ಹೀಗೆ

ಕುಮಟೆಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡಿದವಳು ನಾನು. ಎಂಡೋಟಾಕ್ಸಿನ್ ಎಂದರೆ ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ, ಸಕ್ಕರೆ ಕೊಬ್ಬು ಸೇರಿದ ವಿಷ. ಅದರ ಚಿತ್ರ ಬರೆಸಿದರೆ ಅರ್ಧ ಕ್ಲಾಸು ತಲೆಕೆಳಗೆ ಬರೆಯುತ್ತಿತ್ತು. ಕೈಯಾರೆ ಕಟ್ಟಿಸಿದ ಮೇಲೆ ಆ ತಪ್ಪು ನಿಂತಿತು.

ಸಿಪ್ಪೆ ಸಮೇತ ಹಸಿ ಅಡಿಕೆ ಎರಡು ತನ್ನಿ. ಒಣಗಿಸಿದ ಚಾಲಿ ಬೇಡ, ದಬ್ಬಣ ಇಳಿಯುವುದಿಲ್ಲ, ಬೆರಳಿಗೇ ಚುಚ್ಚುತ್ತದೆ. ಇವು ಗ್ಲೂಕೋಸಮೈನ್ ಸಕ್ಕರೆಗಳು. ಎರಡನ್ನೂ ಜೋಡಿಸಿ ಕಟ್ಟಿ, ಒಂದೊಂದಕ್ಕೂ ಲವಂಗ ಸಿಕ್ಕಿಸಿ. ಲವಂಗವೇ ಫಾಸ್ಫೇಟ್. ಇನ್ನು ಬಾಳೆನಾರು ಆರು ಎಳೆ. ಇವು ಕೊಬ್ಬಿನ ಬಾಲ. ಸುಮ್ನೆ ಮೂರು ಮೂರು ಹಂಚಬೇಡಿ. ಮೊದಲು ಅಡಿಕೆಗೆ ಎರಡೆರಡು. ಉಳಿದ ಎರಡನ್ನು ಒಂದೇ ಅಡಿಕೆಯ ಎಳೆಗಳ ಮೇಲೆ ಗಂಟು ಹಾಕಿ. ಕರುಳಿನ ಬ್ಯಾಕ್ಟೀರಿಯಾ ಈ. ಕೊಲೈಯಲ್ಲಿ ಹೀಗೇ ಇರುತ್ತದೆ, ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಎರಡು. ಇದು ಲಿಪಿಡ್ ಎ. ವಿಷವೆಲ್ಲ ಇಲ್ಲೇ.

ನಾಲ್ಕು ಎಳೆಯ ಅಡಿಕೆಯಿಂದ ದಾರ ಎತ್ತಿ ಹತ್ತು ಮಣಿ ಪೋಣಿಸಿ. ಅದು ಕೋರ್, ಅಂದರೆ ನಡುವಿನ ಸಕ್ಕರೆ ಸರ. ಅದರ ತುದಿಗೆ ಹೂವಿನ ದಂಡೆ: ಎರಡು ಅಬ್ಬಲಿಗೆ, ಒಂದು ಮಲ್ಲಿಗೆ, ಒಂದು ಮರುಗ. ಮತ್ತೆ ಅದೇ, ಮತ್ತೆ ಅದೇ. ಇದು ಓ ಆಂಟಿಜನ್, ಹೊರತುದಿಯ ಸಕ್ಕರೆ ಸರ; ಒಂದೊಂದು ಹೂವೂ ಒಂದು ಸಕ್ಕರೆ. ಹೂವಿನ ಕ್ರಮ ಬದಲಾದರೆ ಹೆಸರೂ ಬದಲು, ಈ. ಕೊಲೈ ಓ157 ಎನ್ನುವಾಗಿನ ಓ ಇದೇ. ಲ್ಯಾಬಿನ ಕೆ-12 ತಳಿಗೆ ದಂಡೆಯೇ ಇಲ್ಲ. ಹೂವು ದುಬಾರಿಯಾದ ದಿನ ನಾನು ಅದನ್ನೇ ಮಾಡಿಸುತ್ತಿದ್ದೆ!

ಈಗ ಕಣ್ಣಿರುವ ಕರಟ ತೆಗೆದುಕೊಳ್ಳಿ. ಇದು ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆ. ಕಣ್ಣು ಚುಚ್ಚಿ ನಾರನ್ನು ಒಳಗೆ ತೂರಿಸಿ. ಅಡಿಕೆ, ದಂಡೆ ಹೊರಗೇ ಇರಬೇಕು. ಒಂದು ವರ್ಷ ಪ್ರದರ್ಶನದ ಗಡಿಬಿಡಿಯಲ್ಲಿ ನಾನೇ ದಂಡೆಯನ್ನು ಒಳಗೆ ತುರುಕಿದ್ದೆ. ಅಂಕೋಲೆ ಕಡೆಯ ಹುಡುಗಿಯೊಬ್ಬಳು, "ಮೇಡಂ, ದಂಡೆಯನ್ನ ಯಾರಾದ್ರೂ ತಲೆಯೊಳಗೆ ಮುಡೀತಾರಾ?" ಎಂದಳು.

ಬ್ಯಾಕ್ಟೀರಿಯಾ ಬದುಕಿರುವಷ್ಟು ದಿನ ಇದು ಅದರ ಗೋಡೆ. ಪಿತ್ತರಸವೂ ಸುಲಭಕ್ಕೆ ಒಳನುಗ್ಗದು. ಅಕ್ಕಪಕ್ಕದ ಲವಂಗಗಳನ್ನು ಮೆಗ್ನೀಸಿಯಂ, ಕ್ಯಾಲ್ಸಿಯಂ ಹಿಡಿದಿಟ್ಟಿರುತ್ತವೆ. ಈಗ ಕರಟ ಒಡೆಯಿರಿ. ನಾರು ಹೊರಗೆ ಬಿತ್ತು, ಅಲ್ವಾ? ನಮ್ಮ ರಕ್ಷಣಾ ಕಣದ ಮೇಲಿನ ಎಂಡಿ-2 ಪ್ರೋಟೀನು ಐದು ಎಳೆಗಳನ್ನು ನುಂಗುತ್ತದೆ. ಹೊರಗುಳಿದ ಆರನೆಯದು ಪಕ್ಕದ ಟಿಎಲ್‌ಆರ್4ಗೆ (ಅಪಾಯ ಗುರುತಿಸುವ ಗ್ರಾಹಕ ಪ್ರೋಟೀನು) ಅಂಟಿ, ಎರಡು ಗ್ರಾಹಕಗಳನ್ನು ಜೋಡಿ ಮಾಡಿಸುತ್ತದೆ. ಜ್ವರ ಶುರು. ಜಾಸ್ತಿಯಾದರೆ ರಕ್ತದೊತ್ತಡವೇ ಕುಸಿಯುತ್ತದೆ. ಆಮೇಲೆ ಗಂಟು ಹಾಕಿದ ಎರಡು ಎಳೆ ಬಿಚ್ಚಿ. ನಾಲ್ಕೇ ಉಳಿದ ಈ ರೂಪ ಮನುಷ್ಯರ ಕಣಗಳನ್ನು ಕೆರಳಿಸುವುದಿಲ್ಲ, ಸುಮ್ನೆ ಜಾಗ ಹಿಡಿದು ಕೂರುತ್ತದೆ.

ಕುದಿಸಿದರೆ ಹೋಗಲ್ವಾ ಎಂದು ಒಬ್ಬರಾದರೂ ಕೇಳುತ್ತಾರೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅಡಿಕೆ ನಾರು ಹಾಗೇ ಉಳಿಯುತ್ತದೆ. ಇಂಜೆಕ್ಷನ್ ತುಂಬುವ ಗಾಜಿನ ಬಾಟಲಿಯನ್ನು 250 ಡಿಗ್ರಿ ಒಣ ಶಾಖದಲ್ಲಿ 30 ನಿಮಿಷ ಇಡುವುದು ಅದಕ್ಕೇ.